ಶೇ 97 ಪ್ರತಿಕ್ರಿಯೆ ಬಂದರೂ ಎಚ್‌ಐವಿಗೆ ಲಸಿಕೆ ಏಕಿಲ್ಲ?

2025ರಲ್ಲಿ ಎಚ್‌ಐವಿ ಬಗ್ಗೆ ಬಂದ ಸುದ್ದಿಗಳನ್ನು ಒಂದರ ಹಿಂದೊಂದು ಓದಿದವರು ಗೊಂದಲಕ್ಕೆ ಬಿದ್ದಿದ್ದರೆ ತಪ್ಪು ಓದುಗರದ್ದಲ್ಲ. ಎಂಆರ್‌ಎನ್‌ಎ ತಂತ್ರದ ಪ್ರಾಯೋಗಿಕ ಲಸಿಕೆ ಪಡೆದ ಬಹುತೇಕ ಎಲ್ಲರಲ್ಲೂ ಬಯಸಿದ ರೋಗನಿರೋಧಕ ಕೋಶಗಳು ಎಚ್ಚೆತ್ತವು ಎಂಬ ವರದಿ ಮೇ ತಿಂಗಳಲ್ಲಿ ಬಂತು. ಡ್ಯೂಕ್ ವಿಶ್ವವಿದ್ಯಾಲಯ ಮತ್ತು ಸ್ಕ್ರಿಪ್ಸ್ ಸಂಶೋಧನಾ ಸಂಸ್ಥೆಯ ನೇತೃತ್ವದ ಎರಡು ಲಸಿಕಾ ಕೂಟಗಳಿಗೆ ಅನುದಾನ ಮುಂದುವರಿಸುವುದಿಲ್ಲ ಎಂದು ಅದೇ ತಿಂಗಳ ಕೊನೆಗೆ ಅಮೆರಿಕ ಸರ್ಕಾರ ತಿಳಿಸಿತು. ಜೂನ್‌ನಲ್ಲಿ, ವರ್ಷಕ್ಕೆ ಎರಡೇ ಬಾರಿ ಹಾಕಿಸಿಕೊಂಡರೆ ಸೋಂಕು ತಡೆಯುವ ಚುಚ್ಚುಮದ್ದಿಗೆ ಅದೇ ದೇಶ ಅನುಮತಿ ಕೊಟ್ಟಿತು. ಜುಲೈನಲ್ಲಿ ಮತ್ತೊಂದು ಪ್ರಾಯೋಗಿಕ ಲಸಿಕೆ ‘ಶೇ 80ರಷ್ಟು ಮಂದಿಯಲ್ಲಿ’ ಪ್ರತಿಕಾಯ ಮೂಡಿಸಿತು ಎಂಬ ಸುದ್ದಿ.

ಹಾಗಾದರೆ ಲಸಿಕೆ ಬಂತೇ? ಬಂದಿಲ್ಲ. ಈ ಶೇ 80, ಇದಕ್ಕೂ ಮೊದಲು ಇನ್ನೊಂದು ಅಧ್ಯಯನದಲ್ಲಿ ಬಂದ ಶೇ 97 ಸುಳ್ಳೇ? ಅವೂ ಸುಳ್ಳಲ್ಲ. ಲಸಿಕೆಗೆ ದೇಹ ಪ್ರತಿಕ್ರಿಯಿಸಿತೇ ಎಂಬ ಪ್ರಶ್ನೆಗೆ ಅವು ಉತ್ತರ. ಸೋಂಕು ತಡೆಯಿತೇ ಎಂಬುದು ಬೇರೆಯೇ ಪ್ರಶ್ನೆ. ಎಚ್‌ಐವಿ ಲಸಿಕೆಯ ಕಳೆದ ಎರಡು ದಶಕಗಳ ಸಂಕಟವೆಲ್ಲ ಈ ಎರಡು ಪ್ರಶ್ನೆಗಳ ನಡುವಿನ ಅಂತರದಲ್ಲೇ ಇದೆ.

ವರ್ಷಕ್ಕೆರಡು ಚುಚ್ಚುಮದ್ದು ಲಸಿಕೆಯಲ್ಲ

ಮೊದಲು ಸುಲಭದ ಗೊಂದಲವನ್ನು ಬದಿಗಿಡೋಣ. ಜೂನ್‌ನಲ್ಲಿ ಅನುಮತಿ ಪಡೆದ ಲೆನಾಕಪವಿರ್ ಒಂದು ಔಷಧ. ವೈರಾಣುವಿನ ತಿರುಳನ್ನು ಸುತ್ತುವರಿದ ಪ್ರೋಟೀನ್ ಕವಚಕ್ಕೆ ಅದು ಅಂಟಿಕೊಂಡು ವೈರಾಣು ಬೆಳೆಯದಂತೆ ತಡೆಯುತ್ತದೆ. ಚರ್ಮದಡಿ ಕೊಟ್ಟ ಮದ್ದು ನಿಧಾನವಾಗಿ ಬಿಡುಗಡೆಯಾಗುತ್ತ ಆರು ತಿಂಗಳು ರಕ್ತದಲ್ಲಿ ಉಳಿಯುತ್ತದೆ. ಆಮೇಲೆ ಇನ್ನೊಂದು ಡೋಸ್ ಹಾಕಿಸಿಕೊಳ್ಳದಿದ್ದರೆ ರಕ್ಷಣೆಯೂ ಮುಗಿಯುತ್ತದೆ. ದೇಹದ ರೋಗನಿರೋಧಕ ವ್ಯವಸ್ಥೆಗೆ ಅದು ಏನನ್ನೂ ಕಲಿಸುವುದಿಲ್ಲ. ಲಸಿಕೆಯ ಕೆಲಸ ಕಲಿಸುವುದು.

ಮದ್ದಾಗಿ ಅದು ಅಸಾಧಾರಣ ಎಂಬುದರಲ್ಲಿ ಎರಡು ಮಾತಿಲ್ಲ. ದಕ್ಷಿಣ ಆಫ್ರಿಕಾ ಮತ್ತು ಉಗಾಂಡದಲ್ಲಿ ನಡೆದ ಪ್ರಯೋಗದಲ್ಲಿ ಅದನ್ನು ಪಡೆದ 2,134 ಯುವತಿಯರಲ್ಲಿ ಒಬ್ಬರಿಗೂ ಸೋಂಕು ತಗುಲಲಿಲ್ಲ. 2024ರಲ್ಲಿ ಆ ಫಲಿತಾಂಶ ಬಂದಾಗ ಸಂಶೋಧಕರೇ ಬೆರಗಾದರು. ಆದರೂ ಅದನ್ನು ‘ಎಚ್‌ಐವಿ ಲಸಿಕೆ’ ಎಂದು ಬರೆಯುವುದು ತಪ್ಪು. ಒಮ್ಮೆ ಹಾಕಿಸಿಕೊಂಡರೆ ಮುಗಿಯಿತು ಎಂದು ಯಾರಾದರೂ ನಂಬಿದರೆ ಆ ತಪ್ಪಿನ ಬೆಲೆ ದುಬಾರಿ.

ಸಿಡಿ4 ಎಣಿಕೆಯೂ ಇದಲ್ಲ

ಮೈಸೂರು–ಮಂಡ್ಯ ಭಾಗದ ಓದುಗರಿಗೆ ಇನ್ನೊಂದು ಗೊಂದಲವಿದೆ, ಅದು ಅರಿವಿನಿಂದಲೇ ಹುಟ್ಟಿದ್ದು. ಮೈಸೂರಿನ ಕೆ.ಆರ್. ಆಸ್ಪತ್ರೆ, ಮಂಡ್ಯದ ಮಿಮ್ಸ್‌ನಂಥ ಕಡೆ ಎಆರ್‌ಟಿ (ಎಚ್‌ಐವಿಯನ್ನು ಹತ್ತಿಕ್ಕುವ ಔಷಧ) ಚಿಕಿತ್ಸೆ ಪಡೆಯುವವರಿಗೂ ಅವರ ಮನೆಯವರಿಗೂ ‘ಸಿಡಿ4 ಕೌಂಟ್’ ಎಂಬುದು ಚಿರಪರಿಚಿತ. ಮೈಸೂರಿನ ಆಶಾಕಿರಣ ಆಸ್ಪತ್ರೆ 1990ರ ದಶಕದಿಂದಲೂ ಎಚ್‌ಐವಿ ಪೀಡಿತರ ಆರೈಕೆಯಲ್ಲಿದೆ. ಲೈಂಗಿಕ ಕಾರ್ಯಕರ್ತೆಯರೇ ನಡೆಸುವ ಆಶೋದಯ ಸಮಿತಿ, ಸೋಂಕು ತಡೆಯುವ ಮಾತ್ರೆಗಳನ್ನು ಸಮುದಾಯದ ಮೂಲಕವೇ ತಲುಪಿಸುವ ಯೋಜನೆಯನ್ನು ಇಲ್ಲಿ ನಡೆಸಿ ತೋರಿಸಿದೆ. ಹೀಗೆ ಈ ಕಾಯಿಲೆಯ ಪರಿಭಾಷೆ ಊರಿನ ಮಾತಿನಲ್ಲಿ ಬೆರೆತಿರುವಾಗ, ‘ಲಸಿಕೆಯಿಂದ ಸಿಡಿ4 ಟಿ ಕೋಶಗಳ ಪ್ರತಿಕ್ರಿಯೆ ಹೆಚ್ಚಿತು’ ಎಂಬ ವಾಕ್ಯ ಕಂಡರೆ ಕೌಂಟ್ ಏರಿತು ಎಂದು ಓದಿಕೊಳ್ಳುವುದು ಸಹಜ.

ಕೌಂಟ್ ಎಂದರೆ ಒಂದು ಘನ ಮಿಲಿಮೀಟರ್ ರಕ್ತದಲ್ಲಿರುವ ಒಟ್ಟು ಸಿಡಿ4 ಕೋಶಗಳ ಸಂಖ್ಯೆ. ಟಿ ಕೋಶ ಎಂಬ ರೋಗನಿರೋಧಕ ಕೋಶಗಳಲ್ಲಿ ಸಿಡಿ4 ಒಂದು ಬಗೆ. ಆರೋಗ್ಯವಂತರಲ್ಲಿ ಅದು ಸಾಮಾನ್ಯವಾಗಿ 500ರಿಂದ 1,500. ವೈರಾಣು ಈ ಕೋಶಗಳನ್ನೇ ನಾಶ ಮಾಡುವುದರಿಂದ ಸಂಖ್ಯೆ ಕುಸಿಯುತ್ತದೆ, ಚಿಕಿತ್ಸೆಯಿಂದ ಏರುತ್ತದೆ. ಲಸಿಕೆ ಸಂಶೋಧಕರು ಹುಡುಕುವುದು ಒಟ್ಟು ಸಂಖ್ಯೆಯನ್ನಲ್ಲ. ಲಕ್ಷಾಂತರ ಕೋಶಗಳ ನಡುವೆ ಎಚ್‌ಐವಿಯ ತುಣುಕನ್ನು ಗುರುತಿಸಬಲ್ಲವು ಎಷ್ಟಿವೆ ಎಂಬುದನ್ನು. ಸ್ವಯಂಸೇವಕರಿಗೆ ಸೋಂಕೇ ಇರುವುದಿಲ್ಲ, ಅವರ ಕೌಂಟ್ ಮೊದಲೂ ಸರಿಯಾಗಿರುತ್ತದೆ, ಆಮೇಲೂ ಸರಿಯಾಗಿರುತ್ತದೆ.

ಚುಕ್ಕೆಗಳ ಲೆಕ್ಕ

ಈ ಹುಡುಕಾಟ ಪ್ರಯೋಗಾಲಯದಲ್ಲಿ ಹೇಗೆ ನಡೆಯುತ್ತದೆ ಎಂಬುದನ್ನು ಕೊಂಚ ಹತ್ತಿರದಿಂದ ನೋಡಬೇಕು. ಸುದ್ದಿಯಲ್ಲಿ ಬರುವ ಸಂಖ್ಯೆ ಹುಟ್ಟುವುದು ಇಲ್ಲೇ.

ಸ್ವಯಂಸೇವಕರ ತೋಳಿನಿಂದ ರಕ್ತ ತೆಗೆದ ಬಳಿಕ ಅದನ್ನು ಸೆಂಟ್ರಿಫ್ಯೂಜ್‌ನಲ್ಲಿ ತಿರುಗಿಸಿ ಕೆಂಪು ರಕ್ತಕಣಗಳಿಂದ ಬಿಳಿಯ ರೋಗನಿರೋಧಕ ಕೋಶಗಳನ್ನು ಬೇರ್ಪಡಿಸುತ್ತಾರೆ. ರಕ್ತ ತೆಗೆದು ಹೆಚ್ಚು ಹೊತ್ತಾಗುವಂತಿಲ್ಲ. ದೊಡ್ಡ ಪ್ರಯೋಗಗಳಲ್ಲಿ ಸುಮಾರು ಎಂಟು ಗಂಟೆಯ ಗಡುವು ಇರುತ್ತದೆ. ತಡವಾದರೆ ಬೇಡದ ಕೋಶಗಳು ಬೆರೆತು, ಟಿ ಕೋಶಗಳು ಮಂಕಾಗಿ, ಇರುವ ಪ್ರತಿಕ್ರಿಯೆಯೂ ಇಲ್ಲದಂತೆ ತೋರುತ್ತದೆ. ಬೇರ್ಪಡಿಸಿದ ಕೋಶಗಳನ್ನು ಹಂತಹಂತವಾಗಿ ತಣಿಸಿ ದ್ರವ ಸಾರಜನಕದ ತೊಟ್ಟಿಗಳಲ್ಲಿ ಇಡುತ್ತಾರೆ. ಮುಂದೊಂದು ದಿನ ಕರಗಿಸಿದಾಗ ಎಷ್ಟು ಕೋಶಗಳು ಜೀವಂತ ಉಳಿದಿವೆ ಎಂಬುದನ್ನು ಮೊದಲು ನೋಡಬೇಕು. ಬಹಳಷ್ಟು ಸತ್ತಿದ್ದರೆ ಆ ಮಾದರಿಯ ಲೆಕ್ಕ ನಂಬುವಂತಿಲ್ಲ.

ಅತ್ಯಂತ ಹೆಚ್ಚು ಬಳಕೆಯಾದ ಪರೀಕ್ಷೆಯ ಹೆಸರು ಎಲಿಸ್ಪಾಟ್. ಅಂಗೈಯಗಲದ ಪ್ಲಾಸ್ಟಿಕ್ ತಟ್ಟೆ, ಅದರಲ್ಲಿ 96 ಪುಟ್ಟ ಗುಳಿಗಳು, ಪ್ರತಿ ಗುಳಿಯ ತಳದಲ್ಲಿ ತೆಳುಪೊರೆ. ಟಿ ಕೋಶ ಎಚ್ಚೆತ್ತಾಗ ಸ್ರವಿಸುವ ಇಂಟರ್‌ಫೆರಾನ್ ಗಾಮಾ ಎಂಬ ವಸ್ತುವನ್ನು ಹಿಡಿದಿಟ್ಟುಕೊಳ್ಳುವ ಪ್ರತಿಕಾಯವನ್ನು ಆ ಪೊರೆಗೆ ಮೊದಲೇ ಲೇಪಿಸಿರುತ್ತಾರೆ. ಗುಳಿಗೆ ಸುಮಾರು ಎರಡು ಲಕ್ಷ ಕೋಶಗಳನ್ನು ಹಾಕಿ, ಎಚ್‌ಐವಿ ಪ್ರೋಟೀನಿನ ಕೃತಕ ತುಣುಕುಗಳನ್ನು ಬೆರೆಸಿ ರಾತ್ರಿಯಿಡೀ ದೇಹದ ಉಷ್ಣತೆಯಲ್ಲಿ ಬಿಡುತ್ತಾರೆ. ತುಣುಕನ್ನು ಗುರುತಿಸಿದ ಕೋಶ ತಾನಿದ್ದ ಜಾಗದಲ್ಲೇ ಸ್ರವಿಸುತ್ತದೆ. ಬೆಳಿಗ್ಗೆ ಕೋಶಗಳನ್ನೆಲ್ಲ ತೊಳೆದು ಬಣ್ಣ ಕಟ್ಟಿಸಿದರೆ, ಸ್ರವಿಸಿದ ಕೋಶ ಕುಳಿತಿದ್ದಲ್ಲಿ ಒಂದು ಚುಕ್ಕೆ ಉಳಿದಿರುತ್ತದೆ, ನಡು ಗಾಢವಾಗಿ ಅಂಚು ಮಸುಕಾಗಿ. ಯಂತ್ರ ಆ ಚುಕ್ಕೆಗಳನ್ನು ಎಣಿಸುತ್ತದೆ.

ಪಕ್ಕದ ಗುಳಿಯಲ್ಲಿ ಎಚ್‌ಐವಿ ತುಣುಕು ಹಾಕದ ಕೋಶಗಳಿರುತ್ತವೆ. ಅಲ್ಲೂ ಒಂದಿಷ್ಟು ಚುಕ್ಕೆ ಮೂಡುವುದುಂಟು. ಆದ್ದರಿಂದ ಎಲ್ಲೋ ಒಂದು ಗೆರೆ ಎಳೆಯಲೇಬೇಕು. ಮುಂದೆ ಹೇಳಲಿರುವ ಮರ್ಕ್ ಲಸಿಕೆಯ ಅಧ್ಯಯನಗಳಲ್ಲಿ, ಹತ್ತು ಲಕ್ಷ ಕೋಶಗಳಿಗೆ ಕನಿಷ್ಠ 55 ಚುಕ್ಕೆ ಮತ್ತು ತುಣುಕಿಲ್ಲದ ಗುಳಿಗಿಂತ ನಾಲ್ಕು ಪಟ್ಟು ಹೆಚ್ಚು ಇದ್ದರೆ ‘ಪ್ರತಿಕ್ರಿಯೆ ಇದೆ’ ಎಂದು ಲೆಕ್ಕ. ಗಮನಿಸಿ: 55 ಎಂಬುದು ಪರೀಕ್ಷೆ ನಂಬಲರ್ಹವೇ ಎಂದು ನೋಡಿ ಎಳೆದ ಗೆರೆ, ಅದಕ್ಕಿಂತ ಮೇಲಿದ್ದವರಿಗೆ ಸೋಂಕು ತಗುಲುವುದಿಲ್ಲ ಎಂದು ನೋಡಿ ಎಳೆದದ್ದಲ್ಲ. ‘ಶೇ ಇಷ್ಟು ಮಂದಿಯಲ್ಲಿ ಪ್ರತಿಕ್ರಿಯೆ’ ಎಂದು ಪತ್ರಿಕೆಯಲ್ಲಿ ಅಚ್ಚಾಗುವುದು ಇಂಥ ಗೆರೆ ದಾಟಿದವರ ಪ್ರಮಾಣ.

ಎಲಿಸ್ಪಾಟ್ ಎಷ್ಟು ಕೋಶಗಳು ಸ್ರವಿಸಿದವು ಎಂದು ಹೇಳುತ್ತದೆ, ಯಾವ ಬಗೆಯ ಕೋಶ ಎಂದು ಹೇಳುವುದಿಲ್ಲ. ಅದಕ್ಕೆ ಫ್ಲೋ ಸೈಟೊಮೆಟ್ರಿ ಬೇಕು. ಸ್ರವಿಸಬೇಕಾದ ವಸ್ತುಗಳು ಹೊರಹೋಗದಂತೆ ತಡೆದು, ಕೋಶದ ಒಳಗೇ ಅವಕ್ಕೆ ಹೊಳೆಯುವ ಬಣ್ಣ ಹಚ್ಚಿ, ಕೋಶಗಳನ್ನು ಒಂದೊಂದಾಗಿ ಲೇಸರ್ ಕಿರಣದ ಮುಂದೆ ಹಾಯಿಸುತ್ತಾರೆ. ಇದು ಸಿಡಿ4, ಇದು ಸಿಡಿ8 ಎಂಬ ಇನ್ನೊಂದು ಬಗೆಯ ಟಿ ಕೋಶ, ಇದು ಒಂದೇ ವಸ್ತು ತಯಾರಿಸುತ್ತಿದೆ, ಇದು ನಾಲ್ಕೈದು ತಯಾರಿಸುತ್ತಿದೆ ಎಂದು ಆಗ ತಿಳಿಯುತ್ತದೆ. ಈ ‘ಒಂದೇ’ ಮತ್ತು ‘ನಾಲ್ಕೈದು’ ನಡುವಿನ ವ್ಯತ್ಯಾಸ ಎಷ್ಟು ದೊಡ್ಡದೆಂದು ಕ್ಷೇತ್ರಕ್ಕೆ ಗೊತ್ತಾದದ್ದು ದೊಡ್ಡ ಪೆಟ್ಟು ತಿಂದ ಮೇಲೆ.

2007ರ ಪೆಟ್ಟು

ಆ ಪೆಟ್ಟಿನ ಹೆಸರು ಸ್ಟೆಪ್. ನೆಗಡಿ ತರುವ ಅಡೆನೊವೈರಸ್ 5 ಎಂಬ ವೈರಾಣುವನ್ನು ನಿರುಪದ್ರವಿಯಾಗಿಸಿ, ಅದರಲ್ಲಿ ಎಚ್‌ಐವಿಯ ಮೂರು ಜೀನ್‌ಗಳನ್ನು ಸೇರಿಸಿ ಮರ್ಕ್ ಕಂಪನಿ ಲಸಿಕೆ ತಯಾರಿಸಿತ್ತು. 2004ರ ಕೊನೆಗೆ ಶುರುವಾದ ಪ್ರಯೋಗದಲ್ಲಿ ಸುಮಾರು 3,000 ಸ್ವಯಂಸೇವಕರಿದ್ದರು. ಪ್ರತಿಕಾಯ ಆಧರಿಸಿದ ಮೊದಲ ತಲೆಮಾರಿನ ಲಸಿಕೆ 2003ರಲ್ಲಿ ಸೋತಿದ್ದರಿಂದ ಎಲ್ಲರ ಕಣ್ಣು ಟಿ ಕೋಶಗಳ ಮೇಲೆ ನೆಟ್ಟಿತ್ತು. ಎಲಿಸ್ಪಾಟ್ ಫಲಿತಾಂಶವಂತೂ ಚೆನ್ನಾಗಿಯೇ ಇತ್ತು: ಲಸಿಕೆ ಪಡೆದವರಲ್ಲಿ ಸುಮಾರು ಮುಕ್ಕಾಲು ಪಾಲು ಮಂದಿ ಗೆರೆ ದಾಟಿದ್ದರು.

2007ರ ಸೆಪ್ಟೆಂಬರ್‌ನಲ್ಲಿ ಪ್ರಯೋಗ ನಿಂತಿತು. ಲಸಿಕೆ ಸೋಂಕು ತಡೆಯಲಿಲ್ಲ, ತಗುಲಿದವರ ರಕ್ತದಲ್ಲಿ ವೈರಾಣುವಿನ ಪ್ರಮಾಣವನ್ನೂ ತಗ್ಗಿಸಲಿಲ್ಲ. ಅದಕ್ಕಿಂತ ಕಳವಳದ ಸಂಗತಿ ಇನ್ನೊಂದಿತ್ತು. ಮೊದಲೇ ಆ ನೆಗಡಿ ವೈರಾಣುವಿಗೆ ಪ್ರತಿಕಾಯ ಹೊಂದಿದ್ದ, ಸುನ್ನತಿಯಾಗದ ಪುರುಷರಲ್ಲಿ, ಲಸಿಕೆ ಪಡೆದವರಿಗೇ ಹೆಚ್ಚು ಸೋಂಕು ತಗುಲಿತ್ತು. ಲಸಿಕೆಯಲ್ಲಿ ಜೀವಂತ ಎಚ್‌ಐವಿ ಇರಲಿಲ್ಲ, ಲಸಿಕೆಯಿಂದ ಎಚ್‌ಐವಿ ಬಂದದ್ದಲ್ಲ. ಎಚ್‌ಐವಿ ದಾಳಿ ಮಾಡುವುದು ಸಿಡಿ4 ಕೋಶಗಳ ಮೇಲೆ, ಅದರಲ್ಲೂ ಚುರುಕಾದ ಕೋಶಗಳೆಂದರೆ ಅದಕ್ಕೆ ಹೆಚ್ಚು ಅನುಕೂಲ. ಲಸಿಕೆ ಎಚ್ಚರಿಸಿದ ಕೋಶಗಳು ವೈರಾಣುವಿಗೆ ಗುರಿಯಾಗಿ ಒದಗಿರಬಹುದು ಎಂಬುದು ಮುಂದಿಟ್ಟ ವಿವರಣೆಗಳಲ್ಲಿ ಒಂದು. ಬೇರೆ ರೋಗಗಳಲ್ಲಿ ಪ್ರತಿಕ್ರಿಯೆ ಹೆಚ್ಚಿದಷ್ಟೂ ಒಳ್ಳೆಯದೆಂದು ಕಣ್ಣುಮುಚ್ಚಿ ಹೇಳಬಹುದೇನೋ, ಇಲ್ಲಿ ಆ ಮಾತು ನಡೆಯುವುದಿಲ್ಲ.

ಮಂಡ್ಯದವರಿಗೆ ಇದನ್ನು ಹೀಗೆ ಹೇಳಬಹುದು: ಗದ್ದೆಯಲ್ಲಿ ಕಬ್ಬು ಎಷ್ಟು ಟನ್ ಬಂತು ಎಂಬುದು ಒಂದು ಲೆಕ್ಕ, ಕಾರ್ಖಾನೆಯಲ್ಲಿ ಅರೆದಾಗ ಸಕ್ಕರೆ ಇಳುವರಿ ಎಷ್ಟು ಬಂತು ಎಂಬುದು ಇನ್ನೊಂದು. ಸ್ಟೆಪ್ ತೂಗಿದ್ದು ಟನ್ನುಗಳನ್ನು.

ಕಡಿಮೆ ಚುಕ್ಕೆ, ಹೆಚ್ಚು ರಕ್ಷಣೆ

ಎರಡು ವರ್ಷದ ಬಳಿಕ ಥಾಯ್ಲೆಂಡ್‌ನಿಂದ ಬಂದ ಫಲಿತಾಂಶ ಲೆಕ್ಕಾಚಾರವನ್ನು ತಲೆಕೆಳಗು ಮಾಡಿತು. 16,402 ಮಂದಿ ಭಾಗವಹಿಸಿದ್ದ ಆರ್‌ವಿ144 ಪ್ರಯೋಗದಲ್ಲಿ ಸೋಂಕಿನ ಪ್ರಮಾಣ ಶೇ 31.2ರಷ್ಟು ತಗ್ಗಿತ್ತು. ಸಾರ್ವಜನಿಕ ಬಳಕೆಗೆ ಅದು ಸಾಲದು. ಆದರೆ ಅಲ್ಲಿಯವರೆಗೆ ಯಾವ ಎಚ್‌ಐವಿ ಲಸಿಕೆಯೂ ಅಷ್ಟನ್ನೂ ತೋರಿಸಿರಲಿಲ್ಲ. ವಿಚಿತ್ರವೆಂದರೆ ಅಲ್ಲಿ ಎಲಿಸ್ಪಾಟ್ ಗೆರೆ ದಾಟಿದವರು ಐವರಲ್ಲಿ ಒಬ್ಬರಷ್ಟೇ. ಮುಕ್ಕಾಲು ಪಾಲು ಗೆರೆ ದಾಟಿದ ಲಸಿಕೆ ಸೋತಿತ್ತು, ಐದರಲ್ಲೊಂದು ಪಾಲು ದಾಟಿದ್ದು ಅಲ್ಪಸ್ವಲ್ಪವಾದರೂ ಕೆಲಸ ಮಾಡಿತ್ತು.

ಸೋಂಕು ತಗುಲಿದವರ ಮತ್ತು ತಗುಲದವರ ರಕ್ತದ ಮಾದರಿಗಳನ್ನು ಪಕ್ಕಪಕ್ಕ ಇಟ್ಟು ಹೋಲಿಸಿದ ವಿಶ್ಲೇಷಣೆ 2012ರಲ್ಲಿ ಪ್ರಕಟವಾಯಿತು. ವೈರಾಣುವಿನ ಹೊರಕವಚದ ವಿ1ವಿ2 ಎಂಬ ಭಾಗಕ್ಕೆ ಅಂಟಿಕೊಳ್ಳುವ ಐಜಿಜಿ ಪ್ರತಿಕಾಯ ಹೆಚ್ಚಿದ್ದವರಲ್ಲಿ ಅಪಾಯ ಕಡಿಮೆ ಇತ್ತು. ಅದೇ ಕವಚಕ್ಕೆ ಅಂಟುವ ಐಜಿಎ ಎಂಬ ಇನ್ನೊಂದು ಬಗೆಯ ಪ್ರತಿಕಾಯ ರಕ್ತದಲ್ಲಿ ಹೆಚ್ಚಿದ್ದವರಲ್ಲಿ ಅಪಾಯ ಹೆಚ್ಚಿತ್ತು. ಟಿ ಕೋಶಗಳಲ್ಲಿ, ಏಕಕಾಲಕ್ಕೆ ಹಲವು ವಸ್ತುಗಳನ್ನು ತಯಾರಿಸುವ ಸಿಡಿ4 ಕೋಶಗಳು ರಕ್ಷಣೆಯೊಂದಿಗೆ ತಾಳೆಯಾಗುತ್ತವೆ ಎಂದು 2015ರ ಇನ್ನೊಂದು ವಿಶ್ಲೇಷಣೆ ತೋರಿಸಿತು. ಬರೀ ಎಣಿಕೆಯಲ್ಲಿ ಇವು ಬೆರಳೆಣಿಕೆಯಷ್ಟು, ಆದರೆ ಗುಣ ಬೇರೆ.

ಸುಳಿವು ಸಿಕ್ಕಿತೆಂದು ಕ್ಷೇತ್ರ ಸಂಭ್ರಮಿಸಿತು. ಅದೇ ಮಾದರಿಯ ಲಸಿಕೆಯನ್ನು ದಕ್ಷಿಣ ಆಫ್ರಿಕಾದ ಸಿ ಉಪಪ್ರಕಾರದ ವೈರಾಣುವಿಗೆ ಹೊಂದಿಸಿ 5,404 ಮಂದಿಯ ಮೇಲೆ ಪರೀಕ್ಷಿಸಿದರು. 2020ರ ಆರಂಭದಲ್ಲಿ ಅದೂ ನಿಂತಿತು: ಲಸಿಕೆ ಪಡೆದವರಲ್ಲಿ 129 ಸೋಂಕು, ಪ್ಲಸೀಬೊ (ಲಸಿಕೆಯಿಲ್ಲದ ಹುಸಿ ಚುಚ್ಚುಮದ್ದು) ಪಡೆದವರಲ್ಲಿ 123. ಆಮೇಲಿನ ಲಸಿಕೆ ಪ್ರಯೋಗಗಳಾದ ಇಂಬೊಕೊಡೊ 2021ರಲ್ಲಿ, ಮೊಸಾಯಿಕೊ 2023ರಲ್ಲಿ ಹಾಗೆಯೇ ಮುಗಿದವು. ಥಾಯ್ಲೆಂಡ್‌ನ ಸುಳಿವು ನಿಜವಾದ ಕಾರಣವೇ, ಕಾರಣದ ಜೊತೆಗೆ ಬಂದ ಗುರುತೇ, ಅಥವಾ ಕಡಿಮೆ ಸೋಂಕಿನ ಆ ಜನಸಮುದಾಯದಲ್ಲಷ್ಟೇ ಸಾಕಾದದ್ದೇ? ಪರಿಣತರ ನಡುವೆ ಇಂದಿಗೂ ಒಮ್ಮತವಿಲ್ಲ.

ಹೆಪಟೈಟಿಸ್ ಬಿಗೆ ಇರುವ ಗೆರೆ ಇಲ್ಲಿಲ್ಲ

ವೈದ್ಯಕೀಯ ಕಾಲೇಜಿನ ವಿದ್ಯಾರ್ಥಿಗಳು ಹೆಪಟೈಟಿಸ್ ಬಿ ಲಸಿಕೆ ಹಾಕಿಸಿಕೊಂಡ ಬಳಿಕ ರಕ್ತದಲ್ಲಿ ಪ್ರತಿಕಾಯ ಎಷ್ಟಿದೆ ಎಂದು ನೋಡುವ ಟೈಟರ್ ಪರೀಕ್ಷೆ ಮಾಡಿಸಿಕೊಳ್ಳುವುದುಂಟು. ಒಂದು ಮಿಲಿಲೀಟರ್‌ಗೆ 10 ಮಿಲಿ ಅಂತರರಾಷ್ಟ್ರೀಯ ಯೂನಿಟ್ ಪ್ರತಿಕಾಯ ಇದ್ದರೆ ರಕ್ಷಣೆ ಇದೆ ಎಂದರ್ಥ. ಇಂಥ ಗೆರೆ ಇದ್ದರೆ ಹೊಸ ಲಸಿಕೆಯನ್ನು ಅಳೆಯಲು ಸಾವಿರಾರು ಮಂದಿ ಸೋಂಕಿಗೆ ಒಡ್ಡಿಕೊಳ್ಳುವವರೆಗೆ ಕಾಯಬೇಕಿಲ್ಲ.

ಎಚ್‌ಐವಿಗೆ ಇಂಥ ಗೆರೆ ಎಳೆಯಲು ತೊಡಕುಗಳು ಹಲವು. ಹೆಪಟೈಟಿಸ್ ಬಿಯಿಂದ ತಾವಾಗಿ ಗುಣವಾದವರು ಕೋಟ್ಯಂತರ ಇದ್ದಾರೆ, ಅವರ ರಕ್ತದಲ್ಲಿ ಏನಿದೆ ಎಂದು ನೋಡಿದರೆ ದಾರಿ ಸಿಗುತ್ತದೆ. ಎಚ್‌ಐವಿಯನ್ನು ಹಾಗೆ ದೇಹವೇ ತೊಡೆದುಹಾಕಿದ ನಿದರ್ಶನಗಳು ಇಲ್ಲವೆನ್ನುವಷ್ಟು ವಿರಳ. ವೈರಾಣು ಒಬ್ಬನೇ ವ್ಯಕ್ತಿಯಲ್ಲೂ ರೂಪ ಬದಲಿಸುತ್ತದೆ. ಮೇಲಾಗಿ, ನಾವು ಅಳೆಯುವುದು ತೋಳಿನ ರಕ್ತವನ್ನು. ದೇಹದ ಒಟ್ಟು ಲಿಂಫೊಸೈಟ್‌ಗಳಲ್ಲಿ (ಟಿ ಕೋಶದಂಥ ರೋಗನಿರೋಧಕ ಕೋಶಗಳಲ್ಲಿ) ರಕ್ತದಲ್ಲಿ ಹರಿಯುವುದು ಶೇ 2ರಷ್ಟು ಮಾತ್ರ. ಸೋಂಕು ನೆಲೆಯೂರುವುದು ಜನನಾಂಗದ, ಕರುಳಿನ ಒಳಪೊರೆಗಳಲ್ಲಿ ಮತ್ತು ದುಗ್ಧರಸ ಗ್ರಂಥಿಗಳಲ್ಲಿ.

ಗೆರೆಗೆ ತೀರಾ ಹತ್ತಿರ ಹೋದದ್ದು ಲಸಿಕೆಯೇ ಅಲ್ಲದ ಒಂದು ಪ್ರಯೋಗ. ವಿಆರ್‌ಸಿ01 ಎಂಬ, ಹಲವು ತಳಿಗಳನ್ನು ನಿಷ್ಕ್ರಿಯಗೊಳಿಸುವ ಪ್ರತಿಕಾಯವನ್ನು ನೇರವಾಗಿ ರಕ್ತನಾಳಕ್ಕೆ ಹರಿಸಿ ನೋಡಿದರು. 2021ರ ಫಲಿತಾಂಶದ ಪ್ರಕಾರ ಒಟ್ಟಾರೆ ಸೋಂಕು ತಗ್ಗಲಿಲ್ಲ. ಆದರೆ ಆ ಪ್ರತಿಕಾಯಕ್ಕೆ ಬಗ್ಗುವ ತಳಿಗಳ ಸೋಂಕು ಸುಮಾರು ಶೇ 75ರಷ್ಟು ತಗ್ಗಿತ್ತು. ತೊಂದರೆಯೆಂದರೆ ಆ ಪ್ರದೇಶಗಳಲ್ಲಿ ಹರಡುತ್ತಿದ್ದ ವೈರಾಣುಗಳಲ್ಲಿ ಹಾಗೆ ಬಗ್ಗುವಂಥವು ಸುಮಾರು ಶೇ 30 ಮಾತ್ರ. ಸಾಕಷ್ಟು ಪ್ರಬಲವಾದ ಪ್ರತಿಕಾಯ ಸಾಕಷ್ಟು ಮಟ್ಟದಲ್ಲಿದ್ದರೆ ಸೋಂಕು ತಡೆಯಬಹುದು ಎಂಬುದಕ್ಕೆ ಮನುಷ್ಯರಲ್ಲಿ ಪುರಾವೆ ಸಿಕ್ಕಿದ್ದು ಆಗಲೇ.

ಹಾಗಾದರೆ ಶೇ 97 ಎಂದರೇನು?

ವಿಆರ್‌ಸಿ01 ಥರದ ಪ್ರತಿಕಾಯವನ್ನು ದೇಹವೇ ತಯಾರಿಸುವಂತೆ ಮಾಡಬೇಕು. ಪ್ರತಿಕಾಯ ತಯಾರಿಸುವುದು ಬಿ ಕೋಶಗಳು. ಅದಕ್ಕೆ ಬೇಕಾದ ಮೂಲ ಬಿ ಕೋಶಗಳು ನಮ್ಮಲ್ಲಿವೆ, ಆದರೆ ಸುಮಾರು ಮೂರು ಲಕ್ಷ ಕೋಶಗಳಿಗೆ ಒಂದರಂತೆ. ಮೊದಲ ಲಸಿಕೆಯಿಂದ ಅವನ್ನು ಎಚ್ಚರಿಸಿ, ಬೇರೆ ಬೇರೆ ಲಸಿಕೆಗಳಿಂದ ಹಂತಹಂತವಾಗಿ ಪಳಗಿಸುವುದು ಈಗಿನ ಯೋಜನೆ. 2022ರ ಕೊನೆಗೆ ಪ್ರಕಟವಾದ, ಐಎವಿಐ ಎಂಬ ಏಡ್ಸ್ ಲಸಿಕೆ ಸಂಶೋಧನಾ ಸಂಸ್ಥೆಯ ಜಿ001 ಅಧ್ಯಯನದಲ್ಲಿ ಲಸಿಕೆ ಪಡೆದ 36 ಮಂದಿಯ ಪೈಕಿ 35 ಮಂದಿಯಲ್ಲಿ ಮೊದಲ ಹಂತ ಯಶಸ್ವಿಯಾಯಿತು. ಶೇ 97 ಇದೇ. ವೈರಾಣುವನ್ನು ತಡೆಯುವ ಪ್ರತಿಕಾಯ ಆ 35 ಮಂದಿಯಲ್ಲಿ ಸಿದ್ಧವಾಯಿತು ಎಂದಲ್ಲ, ಅದನ್ನು ಮುಂದೊಮ್ಮೆ ತಯಾರಿಸಬಹುದಾದ ಕೋಶಗಳು ಹಾದಿಗೆ ಬಂದವು ಎಂದು. 2025ರ ಮೇ ತಿಂಗಳ ವರದಿ ಅದೇ ಕೆಲಸವನ್ನು ಎಂಆರ್‌ಎನ್‌ಎ ಮೂಲಕ ಮಾಡಿ, ಎರಡನೆಯ ಹಂತಕ್ಕೂ ಕಾಲಿಟ್ಟಿದ್ದನ್ನು ಹೇಳಿತು.

ಜುಲೈನ ಶೇ 80 ಬೇರೆ ಅಧ್ಯಯನದ್ದು, 108 ಮಂದಿಯದ್ದು. ಅಲ್ಲಿ ನಿಜಕ್ಕೂ ವೈರಾಣುವನ್ನು ನಿಷ್ಕ್ರಿಯಗೊಳಿಸುವ ಪ್ರತಿಕಾಯ ಮೂಡಿತು. ವೈರಾಣುವಿನ ಹೊರಕವಚದ ಪ್ರೋಟೀನು ಕೋಶದ ಪೊರೆಗೆ ಅಂಟಿಕೊಂಡಂತೆ ರೂಪಿಸಿದಾಗ ಶೇ 80, ಬಿಡಿಯಾಗಿ ತೇಲುವಂತೆ ರೂಪಿಸಿದಾಗ ಶೇ 4. ಲಸಿಕೆ ವಿನ್ಯಾಸಕರಿಗೆ ಈ ಅಂತರ ಚಿನ್ನದಂಥ ಮಾಹಿತಿ. ಆದರೆ ಆ ಪ್ರತಿಕಾಯಗಳು ತಡೆದದ್ದು ಲಸಿಕೆಗೆ ಮಾದರಿಯಾಗಿದ್ದ ತಳಿಯನ್ನು. ಹೊರಗೆ ಹರಡುತ್ತಿರುವ ಸಾವಿರಾರು ರೂಪಗಳನ್ನು ತಡೆಯುವುದು ಬೇರೆ ಮಾತು. ಎರಡೂ ಬಗೆಯ ಎಂಆರ್‌ಎನ್‌ಎ ಅಧ್ಯಯನಗಳಲ್ಲಿ ಕೆಲವರಿಗೆ ಮೈಮೇಲೆ ಗಂಧೆ ಎದ್ದದ್ದೂ ವರದಿಯಾಗಿದೆ. ಕಾರಣ ತಿಳಿಯದೆ ಮುಂದಿನ ಹೆಜ್ಜೆ ಸುಲಭವಿಲ್ಲ.

ಮದ್ದಿರುವಾಗ ಲಸಿಕೆ ಏಕೆ?

ಅನುದಾನ ನಿಲ್ಲಿಸುವ ಪಕ್ಷದ ವಾದ ಸರಳ: ಈಗಿರುವ ಸಾಧನಗಳೇ ಸಾಕು, ಹಣವನ್ನು ಅಲ್ಲಿ ತೊಡಗಿಸೋಣ. ಲೆನಾಕಪವಿರ್ ಬಂದ ಮೇಲೆ ಈ ವಾದಕ್ಕೆ ಬಲ ಬಂದಿದೆ. ಹೈದರಾಬಾದ್ ಮೂಲದ ಡಾ. ರೆಡ್ಡೀಸ್ ಮತ್ತು ಹೆಟೆರೊ ಕಂಪನಿಗಳ ಜೆನೆರಿಕ್ ಮದ್ದು 2027ರಿಂದ ಬಡ ಮತ್ತು ಮಧ್ಯಮ ಆದಾಯದ ದೇಶಗಳಿಗೆ ವರ್ಷಕ್ಕೆ ಸುಮಾರು 40 ಡಾಲರ್‌ಗೆ ಸಿಗಲಿದೆ ಎಂದು 2025ರ ಸೆಪ್ಟೆಂಬರ್‌ನಲ್ಲಿ ಪ್ರಕಟವಾಯಿತು. ಎದುರು ಪಕ್ಷ ಹೇಳುವುದು: ಆರು ತಿಂಗಳಿಗೊಮ್ಮೆ, ಜೀವನದ ಅಪಾಯದ ಅವಧಿಯುದ್ದಕ್ಕೂ, ಎಚ್‌ಐವಿ ಪರೀಕ್ಷೆ ಮಾಡಿಸಿ ಮದ್ದು ಹಾಕಿಸಿಕೊಳ್ಳುವುದು ಹಣ, ದಾರಿಖರ್ಚು, ಗೋಪ್ಯತೆ ಎಲ್ಲವನ್ನೂ ಬೇಡುತ್ತದೆ. ಪೂರೈಕೆ ನಿಂತ ದಿನ ರಕ್ಷಣೆಯೂ ನಿಲ್ಲುತ್ತದೆ.

ನನಗೆ ಎರಡನೆಯ ವಾದ ಹೆಚ್ಚು ಸರಿ ಎನಿಸುತ್ತದೆ, ಆದರೆ ಈ ಜಗಳದಲ್ಲಿ ಒಂದು ಅಂಶ ಮರೆಯಾಗುತ್ತಿದೆ. ಒಳ್ಳೆಯ ಮದ್ದು ಕೈಯಲ್ಲಿರುವಾಗ, ಅಪಾಯದಲ್ಲಿರುವ ಸ್ವಯಂಸೇವಕರಿಗೆ ಅದನ್ನು ಕೊಡದೆ ಲಸಿಕೆ ಪ್ರಯೋಗ ನಡೆಸುವುದು ಅನೈತಿಕ. ಕೊಟ್ಟರೆ ಪ್ರಯೋಗದಲ್ಲಿ ಸೋಂಕು ಬಹುತೇಕ ಇರುವುದೇ ಇಲ್ಲ. ಸೋಂಕೇ ಇಲ್ಲದಿದ್ದರೆ ಲಸಿಕೆ ಪಡೆದ ಗುಂಪಿಗೂ ಪಡೆಯದ ಗುಂಪಿಗೂ ವ್ಯತ್ಯಾಸ ಕಾಣಲು ಸಾವಿರಗಳ ಬದಲು ಲಕ್ಷಗಳಲ್ಲಿ ಜನ ಬೇಕಾಗುತ್ತಾರೆ. ಅಂಥ ಪ್ರಯೋಗಕ್ಕೆ ಯಾರೂ ಹಣ ಕೊಡುವುದಿಲ್ಲ. ಆಗ ಉಳಿಯುವುದು ಒಂದೇ ದಾರಿ: ಪ್ರಯೋಗಾಲಯದ ಅಳತೆಯನ್ನೇ ರಕ್ಷಣೆಯ ಪುರಾವೆಯಾಗಿ ಒಪ್ಪುವುದು. ಅಂದರೆ ಮದ್ದು ಉತ್ತಮವಾದಷ್ಟೂ ಕೋಶಗಳ ಅಳತೆಯ ಮೇಲೆ ಬೀಳುವ ಹೊರೆ ಹೆಚ್ಚುತ್ತದೆ. ಈ ಅಳತೆಯ ವಿದ್ಯೆಯನ್ನು ಬೆಳೆಸುತ್ತಿದ್ದ ಕೂಟಗಳಿಗೇ ಅನುದಾನ ನಿಂತಿದೆ. ವರ್ಷಗಟ್ಟಲೆ ತರಬೇತಾದ ತಂತ್ರಜ್ಞರು ಚದುರಿಹೋದರೆ ಹಣ ಮರಳಿ ಬಂದಾಗ ಅವರೂ ಮರಳುತ್ತಾರೆಂಬ ಖಾತರಿಯಿಲ್ಲ.

ಭಾರತದ ರಕ್ತದಲ್ಲಿ ಅಳೆಯುವುದು

ಭಾರತದ ಮೊದಲ ಎಚ್‌ಐವಿ ಲಸಿಕೆ ಪ್ರಯೋಗ ಪುಣೆಯಲ್ಲಿ 2005ರಲ್ಲಿ ಶುರುವಾಯಿತು. ಮುಂದೆ ಚೆನ್ನೈನಲ್ಲೂ ನಡೆಯಿತು. ಯಾವುದೂ ಸುರಕ್ಷತೆ ಮತ್ತು ಪ್ರತಿಕ್ರಿಯೆ ನೋಡುವ ಮೊದಲ ಹಂತ ದಾಟಲಿಲ್ಲ. ಬೆಂಗಳೂರಿನ ಜೆಎನ್‌ಸಿಎಎಸ್‌ಆರ್ ಮತ್ತು ಐಐಎಸ್‌ಸಿ, ಫರಿದಾಬಾದ್‌ನ ಟಿಎಚ್‌ಎಸ್‌ಟಿಐ ಸಂಶೋಧನಾ ಸಂಸ್ಥೆಗಳಲ್ಲಿ ಎಚ್‌ಐವಿ ಲಸಿಕೆಯ ಕೆಲಸ ನಡೆದಿದೆ. ಭಾರತದಲ್ಲಿ ಪ್ರಧಾನವಾಗಿರುವುದು ಸಿ ಉಪಪ್ರಕಾರ, ಇಲ್ಲಿನ ವೈರಾಣುವಿನ ಮೇಲೆ ನಡೆಯುವ ಪರೀಕ್ಷೆಗೆ ಬದಲಿ ಇಲ್ಲ.

ವೈರಾಣುವಿನಷ್ಟೇ ಮುಖ್ಯ ಜನರ ಜೀನ್‌ಗಳು. ಜಿ001ರಲ್ಲಿ ಪ್ರತಿಕ್ರಿಯಿಸದೆ ಉಳಿದ ಆ ಒಬ್ಬ ವ್ಯಕ್ತಿಯನ್ನು ಸಂಶೋಧಕರು ಬಿಡದೆ ಪರಿಶೀಲಿಸಿದರು. ಬೇಕಾದ ಪ್ರತಿಕಾಯ ತಯಾರಿಸಲು ಅಗತ್ಯವಾದ ಒಂದು ಜೀನಿನ ಸೂಕ್ತ ರೂಪವೇ ಆ ವ್ಯಕ್ತಿಯಲ್ಲಿ ಇರಲಿಲ್ಲ. ಅಮೆರಿಕದಲ್ಲಿ ಬಂದ ಫಲಿತಾಂಶ ಆಫ್ರಿಕನ್ನರಲ್ಲೂ ಬರುತ್ತದೆಯೇ ಎಂದು ನೋಡಲು ರುವಾಂಡ ಮತ್ತು ದಕ್ಷಿಣ ಆಫ್ರಿಕಾದ 18 ಮಂದಿಯ ಮೇಲೆ ಪ್ರತ್ಯೇಕ ಅಧ್ಯಯನ ನಡೆದದ್ದು ಇದೇ ಕಾರಣಕ್ಕೆ. ಆ ಪ್ರಶ್ನೆಯನ್ನು ಭಾರತೀಯರ ಬಗ್ಗೆಯೂ ಕೇಳಲೇಬೇಕು, ಉತ್ತರ ಇಲ್ಲಿನ ಸ್ವಯಂಸೇವಕರ ರಕ್ತದಲ್ಲೇ ಸಿಗಬೇಕು.

ಮೈಸೂರಿನಲ್ಲಿ ಬೆಳಿಗ್ಗೆ ತೆಗೆದ ರಕ್ತ ಮಧ್ಯಾಹ್ನದೊಳಗೆ ಬೆಂಗಳೂರಿನ ಪ್ರಯೋಗಾಲಯ ತಲುಪುತ್ತದೆ, ಎಂಟು ಗಂಟೆಯ ಗಡುವಿಗೆ ಅಡ್ಡಿಯಿಲ್ಲ. ಅಡ್ಡಿ ಬರುವುದು ಬೇರೆ ಕಡೆ. ಲಸಿಕೆ ಪಡೆದ ಸ್ವಯಂಸೇವಕರ ದೇಹದಲ್ಲಿ ಎಚ್‌ಐವಿ ಪ್ರತಿಕಾಯ ಮೂಡುವುದರಿಂದ, ಸೋಂಕಿಲ್ಲದಿದ್ದರೂ ಸಾಮಾನ್ಯ ಎಚ್‌ಐವಿ ಪರೀಕ್ಷೆಯಲ್ಲಿ ‘ಪಾಸಿಟಿವ್’ ಎಂದು ಬರಬಹುದು. ಹೆರಿಗೆಗೆ ಬಂದ ಹೆಣ್ಣುಮಗಳಿಗೆ, ರಕ್ತದಾನಕ್ಕೆ ಹೋದ ಯುವಕನಿಗೆ, ವಿದೇಶದ ಕೆಲಸಕ್ಕೆ ವೈದ್ಯಕೀಯ ತಪಾಸಣೆ ಮಾಡಿಸುವವರಿಗೆ ಆ ಒಂದು ಚೀಟಿ ಏನು ಮಾಡಬಲ್ಲದು ಎಂಬುದನ್ನು ವಿವರಿಸಬೇಕಿಲ್ಲ. ವೈರಾಣುವಿನ ಜೀನನ್ನೇ ನೇರವಾಗಿ ಹುಡುಕುವ ಪರೀಕ್ಷೆಯಿಂದ ನಿಜಸ್ಥಿತಿ ತಿಳಿಯುತ್ತದೆ. ಮುಂದೆ ಇಲ್ಲಿ ಪ್ರಯೋಗ ನಡೆಸುವವರು ಆ ಪರೀಕ್ಷೆಯನ್ನು ಸ್ವಯಂಸೇವಕರಿಗೆ ಪ್ರಯೋಗ ಮುಗಿದ ಎಷ್ಟೋ ವರ್ಷಗಳ ನಂತರವೂ ಉಚಿತವಾಗಿ ಒದಗಿಸಬೇಕಾಗುತ್ತದೆ, ಆ ಖರ್ಚನ್ನು ಮೊದಲ ದಿನದ ಬಜೆಟ್ಟಿನಲ್ಲೇ ತೋರಿಸಬೇಕಾಗುತ್ತದೆ.